ಪುಸ್ತಕ ಬೇಡ, ಮಳೆ ಲೆಕ್ಕ ತಗೊಂಡು ಬಾ

ತಂಗೀ,

ನಿನ್ನ ಮೆಸೇಜ್ ನೋಡಿದೆ. "ಅಕ್ಕಾ, ಆಗಸ್ಟ್‌ನಲ್ಲಿ ಸ್ಯಾನ್ ಹೋಸೆಗೆ ಬರ್ತಿದ್ದೇವೆ. ಮಗಳು ತೀರ್ಥಹಳ್ಳಿಯಲ್ಲಿ ಆರನೇ ಕ್ಲಾಸ್ ಮುಗಿಸಿದಳು. ಅಲ್ಲಿ ಏಳನೇ ಕ್ಲಾಸಿನ ಮೊದಲ ಟರ್ಮ್‌ನಲ್ಲಿ ಯಾವ ಸಬ್ಜೆಕ್ಟ್‌ಗೆ ಏನೇನಿದೆ? ಈಗಲೇ ಪುಸ್ತಕ ತರಿಸಿ ಬಾಯಿಪಾಠ ಶುರು ಮಾಡಿಸಲಾ?" ಅಂತ ಕೇಳಿದ್ದೀಯ. ಆ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

2014ರಲ್ಲಿ ನಾವು ಇಲ್ಲಿಗೆ, ಕ್ಯಾಲಿಫೋರ್ನಿಯಾಕ್ಕೆ ಬಂದಾಗ ನಮ್ಮ ಮಗನಿಗೆ ಹನ್ನೊಂದು ವರ್ಷ. ಆರನೇ ಕ್ಲಾಸಿಗೆ ಸೇರಿದ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿ, ಅದರ ಪಕ್ಕದಲ್ಲೇ ಗೈಡ್‌ಗಳನ್ನೂ ತುಂಬಿಕೊಂಡು ಬಂದಿದ್ದೆ. ಊರಲ್ಲಿ ಐದು ವರ್ಷ ಟೀಚರ್ ಆಗಿದ್ದವಳು ನಾನು. ಮಗನ ಓದು ನನ್ನ ಕೈಯಲ್ಲೇ ಇದೆ ಅನ್ನೋ ಧೈರ್ಯ ಇತ್ತು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಶಾಲೆಯಿಂದ ಶಾಲೆಗೆ ಪಾಠ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಗಣಿತದಲ್ಲಿ ಏಳನೇ ಕ್ಲಾಸಿಗೆ ಅನುಪಾತ, ಶೇಕಡಾ, ಋಣ ಸಂಖ್ಯೆಗಳ ಲೆಕ್ಕ, ಆಮೇಲೆ ವೃತ್ತ, ಸಂಭವನೀಯತೆ. ನಿನ್ನ ಮಗಳಿಗೆ ಇದು ಕಷ್ಟ ಆಗೋದಿಲ್ಲ. ಹೆಸರುಗಳು ಮಾತ್ರ ಬೇರೆ. ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅನ್ನೋ ನಮ್ಮ ಬೋಡ್‌ಮಾಸ್ ಇಲ್ಲಿ ಪೆಮ್ಡಾಸ್. ಮಹತ್ತಮ ಸಾಮಾನ್ಯ ಅಪವರ್ತನಕ್ಕೆ (ಮಸಾಅ) ಎಚ್‌ಸಿಎಫ್ ಅನ್ನೋದಿಲ್ಲ, ಜಿಸಿಎಫ್ ಅನ್ನುತ್ತಾರೆ. ಲಕ್ಷ, ಕೋಟಿ ಇಲ್ಲ, ಮಿಲಿಯನ್. ಬಾಯಲ್ಲೇ ಲೆಕ್ಕ ಮಾಡಿ ಉತ್ತರ ಒಂದೇ ಬರೆದರೆ ಅಂಕ ಹೋಗುತ್ತದೆ, ಹೇಗೆ ಬಂತು ಅಂತ ಬರೆಯಬೇಕು. ಸೇರಿಸುವಾಗಲೇ ಗಣಿತದಲ್ಲಿ ಯಾವ ಹಂತಕ್ಕೆ ಹಾಕುತ್ತಾರೆ ಅಂತ ಕೇಳು, ಕೇಳದಿದ್ದರೆ ಯಾರೂ ತಾವಾಗಿ ಹೇಳೋದಿಲ್ಲ.

ಸಮಾಜದಲ್ಲಿ ಆರನೇ ಕ್ಲಾಸಿಗೆ ಮೆಸೊಪೊಟೇಮಿಯಾ, ಈಜಿಪ್ಟ್, ಪ್ರಾಚೀನ ಭಾರತ, ಗ್ರೀಸ್, ಚೀನಾ, ರೋಮ್. ಏಳಕ್ಕೆ ಅಲ್ಲಿಂದ ಮುಂದೆ: ರೋಮ್ ಬಿದ್ದದ್ದು, ಇಸ್ಲಾಂ ಹರಡಿದ್ದು, ಪಶ್ಚಿಮ ಆಫ್ರಿಕಾ, ಜಪಾನ್, ಮಾಯಾ, ಇಂಕಾ. ಎಂಟಕ್ಕೆ ಅಮೆರಿಕದ ಚರಿತ್ರೆ. ಇಂಗ್ಲಿಷ್‌ನಲ್ಲಿ ಗ್ರಾಮರ್ ಕಡಿಮೆ, ಬರೆಯೋದು ಜಾಸ್ತಿ. ಕತೆ ಓದಿಸಿ, ಈ ಹುಡುಗ ಯಾಕೆ ಹೀಗೆ ಮಾಡಿದ, ಯಾವ ಸಾಲಿನಿಂದ ನಿನಗೆ ಹಾಗನ್ನಿಸಿತು ಅಂತ ಕೇಳುತ್ತಾರೆ. ಪಿಇ ಅಂದರೆ ದೈಹಿಕ ಶಿಕ್ಷಣದಲ್ಲಿ ಒಂದು ಮೈಲಿ ಓಡಿಸುತ್ತಾರೆ, ಒಳ್ಳೆ ಶೂ ಕೊಡಿಸು. ಸಂಗೀತ, ಚಿತ್ರಕಲೆ ಇಂಥದ್ದರಲ್ಲಿ ಒಂದನ್ನು ಅವಳೇ ಆರಿಸಿಕೊಳ್ಳಲಿ. ಸೇರಿಸಲು ಮನೆ ವಿಳಾಸದ ದಾಖಲೆ ಬೇಕು. ಏಳನೇ ಕ್ಲಾಸಿಗೆ ಟಿಡ್ಯಾಪ್ ಲಸಿಕೆ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿಗೆ) ಹಾಕಿಸಿರಲೇಬೇಕು, ಅದರ ಚೀಟಿ ಮರೆಯಬೇಡ.

ಇನ್ನು ವಿಜ್ಞಾನ. ಇಲ್ಲಿ ನಾನು ನಿಧಾನಕ್ಕೆ ಬರೆಯಬೇಕು.

ನಮ್ಮ ಮಗನಿಗೆ ಆರನೇ ಕ್ಲಾಸಿನ ಆ ಟರ್ಮ್‌ನಲ್ಲಿ ಹವಾಮಾನದ ಪಾಠ. ಬೆಟ್ಟದ ಒಂದು ಕಡೆ ಮಳೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ, ಯಾಕೆ? ಇದನ್ನು ಕ್ಲಾಸಿನಲ್ಲೇ ಕೂತು ಬರೆಯಬೇಕಿತ್ತು. ನಾಲ್ಕು ರಾತ್ರಿ ಕೂರಿಸಿಕೊಂಡು ಪುಸ್ತಕದ ಒಂದೂವರೆ ಪುಟ ಬಾಯಿಪಾಠ ಮಾಡಿಸಿದೆ. ಅವನ ಇಂಗ್ಲಿಷ್ ಆಗಿನ್ನೂ ಸೋಲುತ್ತಿತ್ತು, ಹೀಗಾದರೂ ಗೆಲ್ಲಲಿ ಅಂತ. ಕೊನೆಯ ರಾತ್ರಿ ಕಣ್ಣು ಮುಚ್ಚಿಕೊಂಡು ಒಂದಕ್ಷರ ತಪ್ಪದೆ ಒಪ್ಪಿಸಿದ. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ? ನಮ್ಮೂರಲ್ಲಿ ಅಂಥ ಹುಡುಗನನ್ನು ಎದ್ದು ನಿಲ್ಲಿಸಿ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸುತ್ತಿದ್ದೆ ನಾನು.

ಮೂರನೇ ದಿನ ಶಾಲೆಯಿಂದ ಕರೆ ಬಂತು. ಮೇಜಿನ ಮೇಲೆ ಅವನ ಹಾಳೆ, ಪಕ್ಕದಲ್ಲಿ ಪುಸ್ತಕದ ಪುಟ. ಎರಡರಲ್ಲೂ ಒಂದೇ ಸಾಲುಗಳಿಗೆ ಹಳದಿ ಬಣ್ಣ ಬಳಿದಿದ್ದರು. ಹೆಚ್ಚುಕಡಿಮೆ ಇಡೀ ಪುಟ ಹಳದಿ. ಪುಸ್ತಕ ನೋಡಿಕೊಂಡು ಬರೆದೆಯಾ ಅಂತ ಟೀಚರ್ ಮೆಲ್ಲಗೆ ಕೇಳಿದರು. ಅವನು ಇಲ್ಲ ಅಂದ. ಮತ್ತೆ ಕೇಳಿದರು. ಎರಡೂ ಕೈ ತೊಡೆ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ. ಒಂದು ಸಲ ನನ್ನ ಮುಖ ನೋಡಿದ.

ನಾನು ಬಾಯಿ ಬಿಡಲಿಲ್ಲ.

ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ, ಅಷ್ಟು ಬರುತ್ತಿತ್ತು. "ನಾನೇ ಬಾಯಿಪಾಠ ಮಾಡಿಸಿದ್ದು, ಇವನು ಕಳ್ಳನಲ್ಲ" ಅನ್ನಲು ಎಷ್ಟು ಮಾತು ಬೇಕು? ಆದರೆ ಟೀಚರ್ ಆಗಿದ್ದವಳು ನಾನು. ಇನ್ನೊಬ್ಬ ಟೀಚರ್ ಎದುರು ತಪ್ಪು ನನ್ನದು ಅನ್ನಲು ನಾಚಿಕೆ ಆಯಿತು. ಅವನು ನೆಲ ನೋಡುತ್ತಾ ಸಾರಿ ಅಂದ. ಮಾಡದ ತಪ್ಪಿಗೆ ಅಂದ. ಮನೆಗೆ ನಡೆದು ಬರುವಾಗ ಒಂದು ಮಾತೂ ಆಡಲಿಲ್ಲ. ನನ್ನನ್ನು ದೂರಲೂ ಇಲ್ಲ. ಈಗ ಅವನು ಕಾಲೇಜು ಮುಗಿಸಿದ್ದಾನೆ. ಆ ದಿನದ ಬಗ್ಗೆ ಅವನ ಹತ್ತಿರ ನಾನಿನ್ನೂ ಮಾತಾಡಿಲ್ಲ.

ನಮ್ಮಲ್ಲಿ ಪುಸ್ತಕದ ಮಾತನ್ನೇ ಬರೆದರೆ ಶ್ರದ್ಧೆ ಇದೆ ಅನ್ನುತ್ತಾರೆ, ಅಲ್ವಾ? ಇಲ್ಲಿ ಇನ್ನೊಬ್ಬರ ಸಾಲು ಬರೆದರೆ ಯಾರದು ಅಂತ ಹೇಳಬೇಕು. ಹೇಳದಿದ್ದರೆ ಅದು ಕದ್ದ ಹಾಗೆ. ಇದನ್ನು ನಿನ್ನ ಮಗಳಿಗೆ ಮೊದಲ ದಿನವೇ ಕೂರಿಸಿಕೊಂಡು ಹೇಳು. ಅವಳಿಗೆ ಏನೇ ಆದರೂ ನೀನು ಅವಳ ಪಕ್ಕದಲ್ಲಿ ನಿಂತು ಮಾತಾಡು, ತಂಗಿ. ನಿನ್ನ ಇಂಗ್ಲಿಷ್ ಹೇಗಿದ್ದರೂ ಸರಿ.

ಆ ಟೀಚರ್ ಒಳ್ಳೆಯವರು. ಮತ್ತೊಮ್ಮೆ ಬರಿ, ನೀನು ಕಣ್ಣಾರೆ ನೋಡಿದ್ದು ಬರಿ ಅಂದರು. ಇಲ್ಲಿನ ವಿಜ್ಞಾನದಲ್ಲಿ ಮೂರು ಕೇಳುತ್ತಾರೆ: ನೀನು ಹೇಳೋದೇನು, ಅದಕ್ಕೆ ಸಾಕ್ಷಿ ಏನು, ಆ ಸಾಕ್ಷಿಯಿಂದ ಅದು ಹೇಗೆ ಗೊತ್ತಾಗುತ್ತದೆ. ಈ ಸಲ ನಾನು ಅವನ ಹತ್ತಿರ ಹೋಗಲಿಲ್ಲ. ಆಮೇಲೆ ಓದಿದಾಗ ಅಡುಗೆಮನೆಯಲ್ಲಿ ನಿಂತೇ ಅತ್ತೆ.

ಅವನು ಬರೆದದ್ದು ನಮ್ಮ ಬಸ್ಸಿನ ಕತೆ. ಆಗುಂಬೆಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು, ಜುಲೈ ತಿಂಗಳು. ಆಗುಂಬೆಯಲ್ಲಿ ಕಿಟಕಿಯ ಟಾರ್ಪಲ್ ಪೂರ್ತಿ ಇಳಿಸಿರುತ್ತಾರೆ, ಒಳಗೆ ಕತ್ತಲೆ, ಅಜ್ಜನ ಕಂಬಳಿಕೊಪ್ಪೆಯಿಂದ ನೀರು ಇಳಿಯುತ್ತಿರುತ್ತದೆ. ತೀರ್ಥಹಳ್ಳಿ ದಾಟಿ ಮಂಡಗದ್ದೆ ಬರುವಾಗ ಮಳೆ ಸಣ್ಣಗಾಗುತ್ತದೆ, ಯಾರೋ ಒಬ್ಬರು ಟಾರ್ಪಲ್ ಅರ್ಧ ಎತ್ತುತ್ತಾರೆ. ಗಾಜನೂರಿಗೆ ಬಂದಾಗ ಎಲ್ಲರ ಟಾರ್ಪಲ್ ಮೇಲೆ, ಬಿಸಿಲು ಒಳಗೆ. ನಮ್ಮೂರಲ್ಲಿ ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ನೀರು ತಾಗದ ಹಾಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟುತ್ತಾರೆ, ಇಲ್ಲದಿದ್ದರೆ ಕೊಳೆರೋಗ. ಶಿವಮೊಗ್ಗದ ಮಾವನಿಗೆ ಕೊಟ್ಟೆ ಅಂದರೇನು ಅಂತಲೇ ಗೊತ್ತಿಲ್ಲ. ಇದು ಅವನ ಸಾಕ್ಷಿ. ಅರಬ್ಬಿ ಸಮುದ್ರದ ಹಸಿ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿಯುತ್ತದೆ, ಮುಂದೆ ಹೋಗುವಷ್ಟರಲ್ಲಿ ಖಾಲಿಯಾಗಿರುತ್ತದೆ ಅಂತ ಕೊನೆಗೆ ಎರಡೇ ಸಾಲು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ಆ ಅಂಕಿಗಳನ್ನು ಅವನೇ ಹುಡುಕಿದ್ದ. ಎಲ್ಲಿಂದ ತೆಗೆದುಕೊಂಡೆ ಅಂತ ಕೆಳಗೆ ಬರೆದಿದ್ದ.

ಟೀಚರ್ ಅದನ್ನು ಕ್ಲಾಸಿನಲ್ಲಿ ಓದಿಸಿದರು. ಸ್ಯಾನ್ ಹೋಸೆಯೂ ಹೀಗೇ ಅಂತ ತೋರಿಸಿಕೊಟ್ಟರಂತೆ. ಪಶ್ಚಿಮಕ್ಕೆ ಸಮುದ್ರ, ನಡುವೆ ಸಾಂತಾಕ್ರೂಜ್ ಬೆಟ್ಟ, ಈಚೆ ಮಳೆ ನೆರಳಿನಲ್ಲಿ ನಾವು. ಇಲ್ಲಿ ವರ್ಷಕ್ಕೆ ಬರೋದು ಸುಮಾರು 15 ಇಂಚು, ಅದೂ ಚಳಿಗಾಲದಲ್ಲಿ. ಆಗಸ್ಟ್‌ನಲ್ಲಿ ನೀನು ಬಂದಿಳಿದಾಗ ಬೆಟ್ಟವೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಊರಲ್ಲಿ ತುಂಗೆ ತುಂಬಿ ಹರಿಯುವ ಹೊತ್ತಿಗೆ ಇಲ್ಲಿ ಒಂದು ಮಳೆಮೋಡವೂ ಕಾಣೋದಿಲ್ಲ. ಮೊದಲ ವರ್ಷ ನನಗೆ ತುಂಬಾ ಕಷ್ಟ ಆಗಿದ್ದು ಅದೇ.

ಹಾಗಾಗಿ ಪುಸ್ತಕ ತರಿಸಬೇಡ. ಹೊರಡಲು ಇನ್ನೂ ಎರಡು ತಿಂಗಳಿದೆಯಲ್ಲ, ಮಳೆಯೂ ಹಿಡಿಯುತ್ತದೆ. ನೇರ ಗೋಡೆಯ ಒಂದು ಡಬ್ಬ ಅಂಗಳದಲ್ಲಿ ಮರದ ಹನಿ ಬೀಳದ ಕಡೆ ಇಡಿಸು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಅಂತ ಅವಳೇ ಬರೆದಿಡಲಿ. ನೀರು ಚೆಲ್ಲಿ ಮತ್ತೆ ಇಡಲಿ. ಒಂದು ದಿನ ಆ ಬಸ್ಸಿನಲ್ಲಿ ಶಿವಮೊಗ್ಗಕ್ಕೂ ಕರೆದುಕೊಂಡು ಹೋಗು.

ಆ ನೋಟ್‌ಬುಕ್ಕನ್ನು ಕೈಚೀಲದಲ್ಲೇ ಇಟ್ಟುಕೊಂಡು ಬಾ. ಬಂದ ವಾರವೇ ನಮ್ಮನೆಗೆ ಊಟಕ್ಕೆ ಬನ್ನಿ. ಈ ವರ್ಷ ಊರಲ್ಲಿ ಎಷ್ಟು ಮಳೆ ಬಂತು ಅಂತ ನಾನೂ ನೋಡಬೇಕು.