ಓದುಗರ ಪ್ರಶ್ನೆ: ಜ್ವಾಲಾಮುಖಿಯ ಸದ್ದಿನಲ್ಲಿ ಮೇಲ್ಗಾಳಿಯ ಲೆಕ್ಕ

ಪ್ರಶ್ನೆ: ಜ್ವಾಲಾಮುಖಿ ಸಿಡಿದಾಗ ಏಳುವ, ಕಿವಿಗೆ ಕೇಳದ ಸದ್ದಿನಿಂದ ಮೇಲಿನ ಗಾಳಿಯನ್ನು ಅಳೆಯುತ್ತಾರಂತೆ. ಹೇಗೆ? ಗಾಳಿಯ ಒತ್ತಡ ಅಳೆಯುವ, ನಮ್ಮ ಬಳಿಯ ಬಿಎಂಪಿ280 ಸೆನ್ಸರ್ ಸಾಕೇ?
– ಪದವಿ ವಿದ್ಯಾರ್ಥಿಗಳು, ಚಿತ್ರದುರ್ಗ

ಉತ್ತರ: 20 ಹರ್ಟ್ಸ್‌ಗಿಂತ ಕೆಳಗಿನ ಈ ಸದ್ದನ್ನು ಗಾಳಿ ಬೇಗ ನುಂಗುವುದಿಲ್ಲ, ಸಾವಿರಾರು ಕಿ.ಮೀ. ಸಾಗುತ್ತದೆ. ನೆಲದಿಂದ 40–60 ಕಿ.ಮೀ. ಎತ್ತರದ ಗಾಳಿ ಸದ್ದು ಹೋಗುವ ದಿಕ್ಕಿಗೇ ಬೀಸುತ್ತಿದ್ದರೆ ಸದ್ದು ಅಲ್ಲಿಂದ ಬಾಗಿ ಕೆಳಗಿಳಿಯುತ್ತದೆ. ಎದುರು ಬೀಸುತ್ತಿದ್ದರೆ 100 ಕಿ.ಮೀ.ಗೂ ಮೇಲೆ ಹೋಗಿ, ಸೊರಗಿ ಬರುತ್ತದೆ. ಸ್ಫೋಟ 500 ಕಿ.ಮೀ. ದೂರದಲ್ಲಾದರೆ ಮೊದಲನೆಯದು ಸುಮಾರು 29 ನಿಮಿಷಕ್ಕೆ, ಎರಡನೆಯದು 35 ನಿಮಿಷದ ಹೊತ್ತಿಗೆ ತಲುಪೀತು. ಅಡ್ಡಗಾಳಿಯಿದ್ದರೆ ಸದ್ದು ಬಂದ ದಿಕ್ಕು ಜ್ವಾಲಾಮುಖಿಯ ನಿಜವಾದ ದಿಕ್ಕಿಗಿಂತ ಕೆಲವು ಡಿಗ್ರಿ ಸರಿದಂತೆ ಕಾಣುತ್ತದೆ. ಸದ್ದು ತಲುಪಿದ ಹೊತ್ತು, ಬಂದ ದಿಕ್ಕು ಇವುಗಳಿಂದಲೇ ಮೇಲ್ಗಾಳಿಯ ಲೆಕ್ಕ. ಹವಾಮಾನದ ಬಲೂನುಗಳು 30–35 ಕಿ.ಮೀ.ಗೇ ಒಡೆಯುವುದರಿಂದ, ಅದಕ್ಕೂ ಮೇಲಿನ ಸುದ್ದಿ ತರುವ ಈ ದಾರಿ ನಿಜಕ್ಕೂ ಅಮೂಲ್ಯ.

ಇನ್ನು ಸೆನ್ಸರ್. 2022ರ ಜನವರಿ 15ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.45ರ ಸುಮಾರಿಗೆ ಪೆಸಿಫಿಕ್ ಸಾಗರದ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿಯಿತು. ಚಿತ್ರದುರ್ಗಕ್ಕೆ ಅಲ್ಲಿಂದ ಸುಮಾರು 12,400 ಕಿ.ಮೀ.; ಸೆಕೆಂಡಿಗೆ 315 ಮೀಟರ್‌ನಂತೆ ಲೆಕ್ಕ ಹಾಕಿದರೆ ಒತ್ತಡದ ಅಲೆ ಇಲ್ಲಿ ದಾಟಿದ್ದು ರಾತ್ರಿ 8.40ರ ಆಸುಪಾಸು. ಅಂಥ ನೂರಿನ್ನೂರು ಪ್ಯಾಸ್ಕಲ್‌ ಜಿಗಿತವನ್ನು ಬಿಎಂಪಿ280 ಹಿಡಿಯುತ್ತದೆ. ಆದರೆ ದೂರದ ಸಾಧಾರಣ ಸಿಡಿತ ಇಲ್ಲಿಗೆ ಮುಟ್ಟುವಾಗ ಪ್ಯಾಸ್ಕಲ್ಲಿನ ಹತ್ತನೇ, ನೂರನೇ ಒಂದು ಭಾಗ. ಸೆನ್ಸರ್‌ನ ಸ್ವಂತ ಗದ್ದಲವೇ ಅದಕ್ಕಿಂತ ಹೆಚ್ಚು. ಎರಡು ಕಡೆಯ ಒತ್ತಡ ಹೋಲಿಸುವ ಸೆನ್ಸರ್ ಕೊಳ್ಳಿ. ಒಂದು ಬಾಯಿ ಹೊರಗಾಳಿಗೆ, ಇನ್ನೊಂದು ಬಾಯಿ ಅರ್ಧ ಲೀಟರ್‌ನ ಗಟ್ಟಿ ಬಾಟಲಿಗೆ. ಬಾಟಲಿಗೆ ಇಂಜೆಕ್ಷನ್ ಸೂಜಿಯಷ್ಟು ಸಣ್ಣ ಸೋರಿಕೆ ಇಡಿ. ಇಲ್ಲದಿದ್ದರೆ ದಿನದ ಒತ್ತಡದ ಏರಿಳಿತಕ್ಕೇ ಸೆನ್ಸರ್ ಮಿತಿ ಮೀರುತ್ತದೆ. ಸುತ್ತ ಥರ್ಮಾಕೋಲ್ ಕಟ್ಟಿ. ಬಿಸಿಲಿಗೆ ಬಾಟಲಿ ಕಾದರೆ ಅದೇ ಸಿಗ್ನಲ್ ಆಗಿಬಿಡುತ್ತದೆ.

ದೊಡ್ಡ ಶತ್ರು ನೆಲದ ಮೇಲಿನ ಗಾಳಿ. ಹೊರಬಾಯಿಯಿಂದ ನಾಲ್ಕು ದಿಕ್ಕಿಗೆ, ಉದ್ದಕ್ಕೂ ಸಣ್ಣ ತೂತು ಕೊರೆದ ಪೈಪ್ ಹಾಸಿ. ಸುಳಿಗಾಳಿಯ ಗದ್ದಲ ಒಂದಕ್ಕೊಂದು ಕಳೆದುಹೋಗುತ್ತದೆ. ಡ್ರಿಪ್ಪರ್ ಇರುವ ಪೈಪ್ ಬೇಡ, ಕೆಲವದರಲ್ಲಿ ಒಳಗೆ ರಬ್ಬರ್ ಪೊರೆ ಇರುತ್ತದೆ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿಂದಲೂ ದೂರ ಇಡಿ: ಮೂರು ರೆಕ್ಕೆಯ ಯಂತ್ರ ನಿಮಿಷಕ್ಕೆ 16 ಸುತ್ತು ತಿರುಗಿದರೆ 0.8 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ನೀವು ಹುಡುಕುವ ಸದ್ದಿನ ಆವರ್ತನದಲ್ಲೇ. ದಿಕ್ಕು ಬೇಕೆಂದರೆ ನೂರು ಮೀಟರ್ ಅಂತರದಲ್ಲಿ ಕನಿಷ್ಠ ಮೂರು ಸೆಟ್, ಎಲ್ಲಕ್ಕೂ ಜಿಪಿಎಸ್ ಸಮಯ.

ಪ್ರಶ್ನೆ: ಜ್ವಾಲಾಮುಖಿಯೇ ಏಕೆ? ಕ್ವಾರಿಯ ಸಿಡಿತ ಆಗದೇ?
– ಓದುಗರು, ದಾವಣಗೆರೆ

ಉತ್ತರ: ಆಗುತ್ತದೆ. ಫಿನ್‌ಲೆಂಡ್‌ನ ಹುಕ್ಕಾಕೆರೋದಲ್ಲಿ ಹಳೆಯ ಮದ್ದುಗುಂಡು ನಾಶ ಮಾಡುವ ಸ್ಫೋಟಗಳನ್ನು ಹೀಗೆಯೇ ಬಳಸಿದ್ದಾರೆ. ಆದರೆ ಕ್ವಾರಿಯಲ್ಲಿ ಮದ್ದು ತುಂಬಿದ ಕುಳಿಗಳನ್ನು ಒಂದರ ಹಿಂದೊಂದು ತಡಮಾಡಿ ಸಿಡಿಸುವುದರಿಂದ ಸದ್ದು ಹರಿದುಹಂಚಿ ಹೋಗುತ್ತದೆ. ಪೆಸಿಫಿಕ್ ದ್ವೀಪದೇಶ ವನುವಾಟುವಿನ ಯಾಸುರ್ ಜ್ವಾಲಾಮುಖಿ ಹಾಗಲ್ಲ. ವರ್ಷವಿಡೀ ಸಿಡಿಯುವುದರಿಂದ ಋತು ಬದಲಾದಾಗ ಮೇಲ್ಗಾಳಿ ದಿಕ್ಕು ತಿರುಗಿಸುವುದನ್ನು ಅದರ ಸದ್ದಿನಲ್ಲೇ ಹಿಂಬಾಲಿಸಬಹುದು.