ತಿಲಾಪಿಯಾ ಮರಿಗಳಿಗೆ ಹಾರ್ಮೋನ್ ತಿನ್ನಿಸಿ ಎಲ್ಲವನ್ನೂ ಗಂಡು ಮಾಡುತ್ತಾರಂತೆ, ನಿಜಾನಾ? ಆ ಮೀನು ತಿಂದರೆ ತೊಂದರೆ ಇಲ್ವಾ?

ನಿಜ. ಇದರಲ್ಲಿ ಗುಟ್ಟೇನೂ ಇಲ್ಲ, ಎಷ್ಟೋ ದೇಶಗಳ ಹ್ಯಾಚರಿಗಳಲ್ಲಿ ದಿನಾ ನಡೆಯುವ ಕೆಲಸ. ನಾನು ತಿಲಾಪಿಯಾ ಹ್ಯಾಚರಿಯಲ್ಲಿ ಕೆಲಸ ಮಾಡಿದ್ದೇನೆ, ಆ ಮೇವನ್ನು ತಯಾರಿಸಿದ್ದೇನೆ, ಆ ಮೀನನ್ನು ತಿನ್ನುತ್ತೇನೆ ಕೂಡ. ತಿನ್ನೋಕೆ ಹೆದರಬೇಕಾಗಿಲ್ಲ. ಹಾಗಂತ ಹಾರ್ಮೋನ್ ಬಗ್ಗೆ ಚಿಂತೆಯೇ ಬೇಡ ಅಂತಲೂ ನಾನು ಹೇಳಲ್ಲ. ನನಗೆ ಚಿಂತೆ ಇರುವುದು ಆ ಮೇವು ಕಲಸುವವರ ಬಗ್ಗೆ, ಮತ್ತೆ ಮರಿ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದರ ಬಗ್ಗೆ.

ಮೊದಲು ಯಾಕೆ ಹೀಗೆ ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ. ತಿಲಾಪಿಯಾ ಬಹಳ ಬೇಗ ಬಲಿಯುವ ಮೀನು. ಕೊಳದಲ್ಲಿ 30–50 ಗ್ರಾಂ ತೂಗುವಷ್ಟರಲ್ಲೇ ಮೊಟ್ಟೆ ಇಡೋಕೆ ಶುರು ಮಾಡುತ್ತದೆ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಸರಿಯಾಗಿ ತಿನ್ನೋದೇ ಇಲ್ಲ. ತಿಂದದ್ದೆಲ್ಲ ಮೊಟ್ಟೆಗೇ ಹೋಗುವುದರಿಂದ ಹೆಣ್ಣು ಬೆಳೆಯುವುದು ನಿಧಾನ, ಗಂಡು ಬೇಗ. ಎರಡನ್ನೂ ಒಟ್ಟಿಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಕೊಳದ ತುಂಬಾ ಪುಟ್ಟ ಪುಟ್ಟ ಮೀನು. ಹಾಕಿದ ಮೇವನ್ನು ಅವೇ ಹಂಚಿಕೊಂಡು ತಿಂದು, ಯಾವುದೂ ಮಾರುವ ಗಾತ್ರಕ್ಕೆ ಬರಲ್ಲ. ಗಂಡನ್ನಷ್ಟೇ ಸಾಕಬೇಕು ಅನ್ನುವುದಕ್ಕೆ ಕಾರಣ ಇದು. ಕೈಯಲ್ಲಿ ಆರಿಸಿ ಬೇರ್ಪಡಿಸೋದೂ ಉಂಟು, ಆದರೆ ಆರಿಸುವಷ್ಟು ದೊಡ್ಡದಾಗುವ ಹೊತ್ತಿಗೆ ಹೆಣ್ಣಿಗೂ ಅಷ್ಟು ಮೇವು ಹಾಕಿ ಆಗಿರುತ್ತದೆ, ತಪ್ಪುಗಳೂ ಜಾಸ್ತಿ.

ಇನ್ನು ಮಾಡುವ ರೀತಿ. ಮೊಟ್ಟೆಯೊಡೆದು ಬಂದ ಮರಿಯಲ್ಲಿ ಅಂಡಾಶಯವೂ ಇಲ್ಲ, ವೃಷಣವೂ ಇಲ್ಲ, ಎರಡೂ ಆಗಬಲ್ಲ ಒಂದು ಎಳೆ ಅಂಗಾಂಶ ಇರುತ್ತದೆ ಅಷ್ಟೇ. ಅದು ಯಾವ ಕಡೆ ತಿರುಗಬೇಕು ಅನ್ನುವುದು ಮೊದಲ ಕೆಲವು ವಾರಗಳಲ್ಲಿ ತೀರ್ಮಾನವಾಗುತ್ತದೆ. ಆ ಸಮಯದಲ್ಲಿ ಗಂಡು ಹಾರ್ಮೋನ್ ಸಿಕ್ಕರೆ ಹುಟ್ಟಿನಿಂದ ಹೆಣ್ಣಾಗಬೇಕಿದ್ದ ಮರಿಯಲ್ಲೂ ವೃಷಣ ಬೆಳೆಯುತ್ತದೆ. ಹೊಟ್ಟೆಯಡಿಯ ಹಳದಿ ಚೀಲ ಕರಗಿ, ಮರಿ ಮೇಲೆದ್ದು ಈಜೋಕೆ ಶುರು ಮಾಡಿದಾಗ, ಅಂದರೆ ಸುಮಾರು 9–11 ಮಿಲಿಮೀಟರ್ ಉದ್ದ ಇರುವಾಗ, ಮೇವು ಶುರು ಮಾಡಬೇಕು. 14 ಮಿಲಿಮೀಟರ್ ದಾಟಿದ ಮರಿಗಳನ್ನು ಜಾಲರಿಯಲ್ಲಿ ಸೋಸಿ ತೆಗೆದುಬಿಡುತ್ತಾರೆ. ಅವಕ್ಕೆ ಹೊತ್ತು ಮೀರಿರುತ್ತದೆ, ಕೊಟ್ಟರೂ ನಂಬುವ ಹಾಗಿಲ್ಲ.

ಹಾರ್ಮೋನಿನ ಹೆಸರು 17 ಆಲ್ಫಾ ಮೀಥೈಲ್ ಟೆಸ್ಟೋಸ್ಟೆರೋನ್. ಒಂದು ಕಿಲೋ ಮೇವಿಗೆ 60 ಮಿಲಿಗ್ರಾಂ, ಅಂದರೆ ಚಿಟಿಕೆಗಿಂತಲೂ ಕಡಿಮೆ ಬಿಳಿ ಪುಡಿ. ಇದು ನೀರಿನಲ್ಲಿ ಸರಿಯಾಗಿ ಕರಗಲ್ಲ, ಹಾಗಾಗಿ ಆಲ್ಕೊಹಾಲಿನಲ್ಲಿ ಕರಗಿಸಿ, ಹಿಟ್ಟಿನಷ್ಟು ನುಣ್ಣಗಿರುವ ಮೇವಿಗೆ ಚಿಮುಕಿಸಿ, ಒಂದೇ ಸಮ ಹರಡುವವರೆಗೂ ಕಲಸಬೇಕು. ಆಮೇಲೆ ತೆಳ್ಳಗೆ ಹರವಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಹಾರ್ಮೋನ್ ಹಾಳಾಗುತ್ತದೆ. ಆಲ್ಕೊಹಾಲ್ ವಾಸನೆ ಪೂರ್ತಿ ಹೋದ ಮೇಲೆ ಫ್ರಿಜ್‌ಗೆ. ದಿನಕ್ಕೆ ನಾಲ್ಕು ಸಲವೋ ಇನ್ನೂ ಹೆಚ್ಚೋ ಹೀಗೆ 21ರಿಂದ 28 ದಿನ ಹಾಕುತ್ತಾರೆ. ನೀರಿನ ಮೇಲೆ ಉದುರಿಸಿದ ಕೂಡಲೇ ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತವೆ, ಒಂದೆರಡು ನಿಮಿಷ ನೀರು ಕುದಿಯುತ್ತಿರುವ ಹಾಗೆ ಕಾಣುತ್ತದೆ. ಸರಿಯಾಗಿ ಮಾಡಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಗಂಡು ಸಿಗುತ್ತದೆ.

ಹಾಗಾದರೆ ಇನ್ನೂ ಸ್ವಲ್ಪ ಜಾಸ್ತಿ ಹಾಕಿದರೆ ನೂರಕ್ಕೆ ನೂರು ಬರುತ್ತಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ, ಉಲ್ಟಾ ಹೊಡೆಯುತ್ತದೆ. ಮೀನಿನ ಮೈಯಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಅದು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಾಯಿಸಬಲ್ಲದು. ಅತಿಯಾಗಿ ಕೊಟ್ಟರೆ ಹೆಣ್ಣಿನ ಸಂಖ್ಯೆಯೇ ಏರಬಹುದು, ಎರಡೂ ಅಲ್ಲದ, ಮರಿ ಮಾಡಲಾಗದ ಮೀನುಗಳೂ ಬರಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಮರಿ ಆ ಇಡೀ ತಿಂಗಳಲ್ಲಿ ಅರ್ಧ ಗ್ರಾಂ ಮೇವು ತಿಂದಿತು ಅಂತಿಟ್ಟುಕೊಳ್ಳೋಣ. ಅದರಲ್ಲಿರುವ ಹಾರ್ಮೋನ್ 0.03 ಮಿಲಿಗ್ರಾಂ. ಇದೇ ಔಷಧ ಮನುಷ್ಯರಿಗೆ 10 ಮಿಲಿಗ್ರಾಂ ಮಾತ್ರೆಯಾಗಿ ಇದೆ. ಅಂಥ ಒಂದು ಮಾತ್ರೆಯಲ್ಲಿರುವಷ್ಟು ಹಾರ್ಮೋನ್ ಮುನ್ನೂರಕ್ಕೂ ಹೆಚ್ಚು ಮರಿಗಳ ಇಡೀ ತಿಂಗಳ ಮೇವಿಗೆ ಸಮ. ಅದೂ ಮೈಯಲ್ಲಿ ಉಳಿಯುವುದಿಲ್ಲ, ಮೇವು ನಿಲ್ಲಿಸಿದ ಮೇಲೆ ಬೇಗ ಹೊರಗೆ ಹೋಗುತ್ತದೆ. ನಿಲ್ಲಿಸುವಾಗ ಮರಿ ಒಂದು ಗ್ರಾಂ ಕೂಡ ತೂಗಲ್ಲ. ಅಲ್ಲಿಂದ ತಿಂಗಳುಗಟ್ಟಲೆ ಮಾಮೂಲಿ ಮೇವು ತಿಂದು ಅರ್ಧ ಕಿಲೋ ಆದ ಮೇಲೆ ನಿಮ್ಮ ತಟ್ಟೆಗೆ ಬರುವುದು. ಹಾರ್ಮೋನ್ ಕೊಟ್ಟು ಮೀನನ್ನು ಕೊಬ್ಬಿಸುತ್ತಾರೆ ಅನ್ನುವ ಮಾತು ಹುಟ್ಟಿದ್ದು ಈ ಎರಡು ಹಂತಗಳನ್ನು ಕಲಸಿಬಿಟ್ಟಿದ್ದರಿಂದ.

ಆದರೆ ಕಲಸುವವರ ವಿಷಯ ಹಾಗಲ್ಲ. ಮರಿ ತಿನ್ನುವುದು ಕಣದಷ್ಟು, ಹ್ಯಾಚರಿಯ ಕೆಲಸಗಾರನ ಎದುರಿಗಿರುವುದು ಗ್ರಾಂಗಟ್ಟಲೆ ಶುದ್ಧ ಪುಡಿ. ಅದು ಚರ್ಮದ ಮೂಲಕ, ಉಸಿರಿನ ಮೂಲಕ ಒಳಗೆ ಹೋಗುತ್ತದೆ, ಯಕೃತ್ತಿಗೆ ಕೆಟ್ಟದ್ದು. ಗರ್ಭಿಣಿಯರು ಅದರ ಹತ್ತಿರವೂ ಸುಳಿಯಬಾರದು, ಹೊಟ್ಟೆಯಲ್ಲಿರುವುದು ಹೆಣ್ಣು ಕೂಸಾದರೆ ಅದರ ಬೆಳವಣಿಗೆಗೇ ಪೆಟ್ಟು. ಗ್ಲೌಸ್ ಇಲ್ಲದೆ, ಮಾಸ್ಕ್ ಇಲ್ಲದೆ ಬರಿಗೈಯಲ್ಲಿ ಕಲಸುವವರನ್ನು ನಾನು ನೋಡಿದ್ದೇನೆ, ಅವರಿಗೆ ಅದೇನು ಅಂತ ಯಾರೂ ಹೇಳಿರಲೇ ಇಲ್ಲ. ಈ ವಿಷಯ ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ತಿನ್ನುವವರ ಭಯಕ್ಕೆ ಸಿಗುವ ಗಮನದ ಕಾಲು ಭಾಗವೂ ಇವರಿಗೆ ಸಿಕ್ಕಿಲ್ಲ.

ನೀರೂ ಅಷ್ಟೇ. ತಿನ್ನದೆ ಉಳಿದ ಮೇವು, ಹಿಕ್ಕೆ ಎಲ್ಲ ತಳಕ್ಕೆ ಕೂರುತ್ತದೆ. ಮಣ್ಣಿನ ಕೊಳವಾದರೆ ಕೆಸರಿನಲ್ಲಿ ಹಾರ್ಮೋನ್ ವಾರಗಟ್ಟಲೆ ಉಳಿಯುವುದನ್ನು ಅಳೆದು ನೋಡಿದ್ದಾರೆ. ಆ ನೀರನ್ನು ನೇರವಾಗಿ ಹಳ್ಳಕ್ಕೆ ಬಿಟ್ಟರೆ ಅಲ್ಲಿರುವ ಬೇರೆ ಮೀನುಗಳ ಮರಿಗಳಿಗೂ ಅದು ತಗುಲಬಹುದು. ಬ್ಯಾಕ್ಟೀರಿಯಾಗಳು ಇದನ್ನು ಒಡೆಯಬಲ್ಲವು, ಹಾಗಾಗಿ ನೀರನ್ನು ಬಯೋಫಿಲ್ಟರ್, ಅಂದರೆ ಅಂಥ ಬ್ಯಾಕ್ಟೀರಿಯಾ ಬೆಳೆಸಿದ ಸೋಸುತೊಟ್ಟಿಯ ಮೂಲಕ ಹಾಯಿಸಿ, ಒಂದಷ್ಟು ದಿನ ತಡೆದಿಟ್ಟು ಬಿಡುವ ಹ್ಯಾಚರಿಗಳಿವೆ. ಎಲ್ಲರೂ ಹೀಗೆ ಮಾಡಬೇಕು, ಇದರಲ್ಲಿ ರಿಯಾಯಿತಿ ಕೂಡದು ಅನ್ನುವುದು ನನ್ನ ಮಾತು.

ತಿನ್ನುವ ಮೀನಿಗೆ ಹಾರ್ಮೋನ್ ಮುಟ್ಟಿಸದೇ ಇದನ್ನು ಸಾಧಿಸುವ ದಾರಿಯೂ ಇದೆ. ಹೆಚ್ಚಾಗಿ ಸಾಕುವ ನೈಲ್ ತಿಲಾಪಿಯಾದಲ್ಲಿ ಲಿಂಗ ನಿರ್ಧರಿಸುವ ಕ್ರೋಮೋಸೋಮುಗಳು ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ, ಥೇಟ್ ನಮ್ಮ ಹಾಗೆ. ಕೆಲವು ಗಂಡು ಮರಿಗಳಿಗೆ ಹೆಣ್ಣು ಹಾರ್ಮೋನ್ ಕೊಟ್ಟು ಹೆಣ್ಣಾಗಿಸಿ, ಅವನ್ನು ಮಾಮೂಲಿ ಗಂಡಿನ ಜೊತೆ ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ಎರಡೂ ವೈ ಇರುತ್ತವೆ. ಇವಕ್ಕೆ ಸೂಪರ್ ಮೇಲ್ ಅನ್ನುತ್ತಾರೆ. ಇಂಥ ಗಂಡಿಗೆ ಹುಟ್ಟುವ ಮರಿಗಳು ಹೆಚ್ಚುಕಮ್ಮಿ ಎಲ್ಲವೂ ಗಂಡೇ, ಅವು ಜನ್ಮದಲ್ಲಿ ಹಾರ್ಮೋನ್ ಕಂಡಿರಲ್ಲ. ಟ್ರೌಟ್ ಸಾಕುವವರಿಗೆ ಬೇಕಿರುವುದು ಹೆಣ್ಣು, ಅಲ್ಲಿ ಗಂಡು ಬೇಗ ಬಲಿತು ಮಾಂಸ ಕೆಡುತ್ತದೆ. ಅವರೂ ಹೀಗೇ ತಂದೆ ಮೀನಿಗಷ್ಟೇ ಹಾರ್ಮೋನ್ ಕೊಡುತ್ತಾರೆ. ಹಾರ್ಮೋನ್ ತಿನ್ನಿಸಿ ಮೀನಿನ ಲಿಂಗ ಬದಲಾಯಿಸಬಹುದು ಅಂತ ಜಪಾನಿನ ವಿಜ್ಞಾನಿ ಯಮಮೊಟೊ ಮೆಡಾಕಾ ಅನ್ನುವ ಪುಟ್ಟ ಮೀನಿನಲ್ಲಿ 1953ರಲ್ಲೇ ತೋರಿಸಿದ್ದರು. ಅಂದರೆ ಮೂಲ ವಿದ್ಯೆ ಹಳೆಯದೇ. ತಿಲಾಪಿಯಾದಲ್ಲಿ ಸೂಪರ್ ಮೇಲ್ ದಾರಿ ಹಿಡಿಯುವವರು ಕಡಿಮೆ, ಯಾಕಂದರೆ ಒಂದೊಂದು ಮೀನಿನ ಮರಿಗಳನ್ನು ಬೆಳೆಸಿ ಪರೀಕ್ಷಿಸುತ್ತಾ ತಲೆಮಾರುಗಟ್ಟಲೆ ಕಾಯಬೇಕು, ಮೇವಿಗೆ ಪುಡಿ ಬೆರೆಸುವುದು ಒಂದು ಮಧ್ಯಾಹ್ನದ ಕೆಲಸ.

ನೀವು ತಿನ್ನುವವರಷ್ಟೇ ಆದರೆ ಧೈರ್ಯವಾಗಿ ತಿನ್ನಿ. ಸಾಕುವ ಯೋಚನೆ ಇದ್ದರೆ, ಮರಿ ಕೊಳ್ಳುವ ಮೊದಲು ಹ್ಯಾಚರಿಗೆ ಒಮ್ಮೆ ಹೋಗಿ ಮೇವು ಕಲಸುವ ಜಾಗ ತೋರಿಸಿ ಅನ್ನಿ. ಗ್ಲೌಸು, ಮಾಸ್ಕು ಇದೆಯಾ, ತೊಟ್ಟಿಯ ನೀರು ಹೊರಗೆ ಹೋಗುವ ಪೈಪು ಎಲ್ಲಿಗೆ ಸೇರುತ್ತದೆ ಅಂತ ನೋಡಿ. ತೋರಿಸೋಕೆ ಹಿಂಜರಿದರೆ ಅಲ್ಲಿ ಮರಿ ಕೊಳ್ಳಬೇಡಿ.