ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಲು ಗಣಿತ ಎಷ್ಟು ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಬೇಕು. ಪದವಿಯಲ್ಲಿ ಬೇಡಿಕೆ, ಪೂರೈಕೆಯ ಗೆರೆ ಎಳೆದು ಪಾಸಾಗಬಹುದು, ಆದರೆ ಇಲ್ಲಿ ಆ ಗೆರೆ ಎಲ್ಲಿಂದ ಬಂತು ಎಂದು ಸಮೀಕರಣದಲ್ಲಿ ತೋರಿಸಬೇಕಾಗುತ್ತದೆ. ಇರುವ ಹಣದಲ್ಲಿ ಗ್ರಾಹಕ ಏನು ಎಷ್ಟು ಕೊಳ್ಳುತ್ತಾನೆ ಅನ್ನೋ ಸಾದಾ ಪ್ರಶ್ನೆಗೂ ಲಗ್ರಾಂಜ್ ವಿಧಾನ (ಮಿತಿಯೊಳಗೆ ಅತ್ಯುತ್ತಮ ಆಯ್ಕೆ ಹುಡುಕುವ ಲೆಕ್ಕ) ಬೇಕು, ಅಂದರೆ ಕ್ಯಾಲ್ಕುಲಸ್. ಮೈಕ್ರೋ (ಗ್ರಾಹಕ, ಕಂಪನಿಗಳ ನಿರ್ಧಾರ), ಮ್ಯಾಕ್ರೋ (ಇಡೀ ದೇಶದ ಆರ್ಥಿಕತೆ), ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವುದು), ಈ ಮೂರೇ ಈ ಕೋರ್ಸಿನ ಬೆನ್ನೆಲುಬು.

ತುಂಬಾ ಜನ ಮುಗ್ಗರಿಸುವುದು ಮೂರನೆಯದರಲ್ಲಿ. ರಿಗ್ರೆಷನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂಕಿಅಂಶಗಳಿಂದ ಅಂದಾಜಿಸುವ ಲೆಕ್ಕ) ಓಡಿಸುವುದೇನು, ಆರ್ ಅಥವಾ ಸ್ಟೇಟಾ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ಆದರೆ ಹೆಚ್ಚು ಓದಿದ್ದಕ್ಕೇ ಸಂಬಳ ಏರಿತಾ, ಇಲ್ಲ ಮೊದಲೇ ಚುರುಕಾಗಿದ್ದವರು ಹೆಚ್ಚು ಓದಿದರಾ ಎಂದು ಬಿಡಿಸಿ ಹೇಳುವುದು ಕಷ್ಟ, ಅಲ್ವಾ? ಸೇರುವ ಮೊದಲೇ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆಯ ಲೆಕ್ಕಗಳನ್ನು ಪೆನ್ನು ಹಿಡಿದು ಬಿಡಿಸಿ, ಸುಮ್ನೆ ವಿಡಿಯೋ ನೋಡಿದರೆ ಸಾಲದು.